ನಡುವಿನ ಬಟ್ಟಲು

ಹೋಟೆಲಿನಲ್ಲಿ ಕೂತ ತಕ್ಷಣ ವಾಸಣ್ಣ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಎಲ್ಲರ ಮುಂದಿನ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ವೇಟರಿನ ಕೈಗೆ ವಾಪಸು ಕೊಟ್ಟುಬಿಡುವುದು. “ತಾಟು ಯಾಕ್ರೀ? ನಾವೇನು ಪಂಕ್ತಿಗೆ ಕೂತೀವೇನು? ನಡುವ ಇಡ್ರಿ, ಎಲ್ಲಾರೂ ಕೈ ಹಾಕ್ರಿ!” ಎಂದು ಅವರು ಕೂಗಿದರೆ ಪಕ್ಕದ ಮೇಜಿನವರೂ ತಿರುಗಿ ನೋಡಬೇಕು. ಆಮೇಲೆ ಅಂಗಿಯ ತೋಳು ಮೇಲೇರುತ್ತಿತ್ತು.

ಮೆಟುಚೆನ್ ಸ್ಟೇಷನ್ನಿನ ಹತ್ತಿರದ ಆ ಗ್ರೀಕ್ ತವರ್ನಾ ಹೋಟೆಲನ್ನು ನಮ್ಮ ಕನ್ನಡಿಗರ ಗುಂಪಿಗೆ ತೋರಿಸಿದ್ದೇ ಅವರು. ಶುಕ್ರವಾರ ಸಂಜೆ ಅಲ್ಲಿ ಕಿವಿ ಗಡಚಿಕ್ಕುವ ಗಲಾಟೆ. ಮೂಲೆಯಲ್ಲಿ ತಂತಿವಾದ್ಯ ನುಡಿಸುವ ಮುದುಕ, ಮೇಜಿನ ಪಕ್ಕದಲ್ಲೇ ಚೀಸಿಗೆ ಬೆಂಕಿ ಹಚ್ಚಿ “ಓಪಾ!” ಎಂದು ಅರಚುವ ಮಾಲೀಕ ಸ್ಟಾವ್ರೋಸ್, ಹೆಗಲಿಗೆ ಹೆಗಲು ಕೊಟ್ಟು ಕುಣಿಯುವ ಅಜ್ಜಿಯರು. ವಾಸಣ್ಣ ಧಾರವಾಡದವರು, ಔಷಧ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದವರು. ಹೆಂಡತಿ ತೀರಿಕೊಂಡ ಮೇಲೆ ಮಾನ್ಮತ್ ಜಂಕ್ಷನ್ನಿನ ಅವರ ಮನೆಯಲ್ಲಿ ಫ್ರಿಜ್ಜಿನದು ಬಿಟ್ಟರೆ ಬೇರೆ ಸದ್ದಿರಲಿಲ್ಲ. “ಈ ದೇಶದಾಗ ಉಣ್ಣುವಾಗ ಮಂದಿ ಒದರೂ ಜಾಗಾ ಇದೊಂದ ನೋಡ ತಂಗಿ,” ಎನ್ನುತ್ತಿದ್ದರು. ಮೊಸರು, ಸೌತೆಕಾಯಿ, ಬೆಳ್ಳುಳ್ಳಿ ಕಲಸಿದ ಅಲ್ಲಿನ ಪದಾರ್ಥಕ್ಕೆ ಅವರಿಟ್ಟ ಹೆಸರು ಪಚಡಿ. ಪಾಪ, ಸ್ಟಾವ್ರೋಸ್ ಕೂಡ ಹಾಗೇ ಕರೆಯಲು ಕಲಿತ.

ಆ ಬಟ್ಟಲಿಗೆ ಆರು ಜನ ಬ್ರೆಡ್ಡು ಅದ್ದಿ ತಿನ್ನುವುದು ಅವರಿಗೆ ಊಟಕ್ಕಿಂತ ಹೆಚ್ಚಿನದಾಗಿತ್ತು. ಅವರು ಬೆಳೆದದ್ದು ಮಡಿಯ ಮನೆಯಲ್ಲಿ. “ನಮ್ಮವ್ವ ನನ್ನ ತಾಟು ಮುಟ್ಟಿದ್ರೂ ಕೈ ತೊಳಕೋತಿದ್ಲು. ಹೊಟ್ಟ್ಯಾಗಿಂದ ಬಂದ ಮಗಾ, ತಾಟಿನ್ಯಾಗ ಮೈಲಿಗಿ!” ಎಂದು ನಗುತ್ತ ಹೇಳುತ್ತಿದ್ದರು. ಆದರೆ ಹೇಳಿದ ಮೇಲೆ ಸ್ವಲ್ಪ ಹೊತ್ತು ಬ್ರೆಡ್ಡು ಕೈಯಲ್ಲೇ ಉಳಿಯುತ್ತಿತ್ತು. ಹೊಸದಾಗಿ ಬಂದವರು ಯಾರಾದರೂ ಚಮಚ ಹುಡುಕಿದರೆ ತಾವೇ ಒಂದು ತುಂಡು ಮುರಿದು ಅವರ ಕೈಗಿಟ್ಟು, ಅದ್ದುವವರೆಗೂ ಬಿಡುತ್ತಿರಲಿಲ್ಲ.

ಹೀಗಿರುವಾಗ ಅವರ ದವಡೆಯಲ್ಲಿ ಗಡ್ಡೆ ಕಂಡಿತು. ಆಪರೇಷನ್ ಆದ ಮೇಲೆ ಕೆಳತುಟಿಯ ಒಂದು ಬದಿಗೆ ಸ್ಪರ್ಶವೇ ತಿಳಿಯದಂತಾಯಿತು. ತಿಂದದ್ದು ಅಲ್ಲಿಂದ ಜಾರಿದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಮನೆಗೆ ನೋಡಲು ಹೋದಾಗ ನಾನು ಪಕ್ಕದಲ್ಲಿದ್ದರೆ ಮೆಲ್ಲಗೆ, “ಒರಸಬೇಕೇನು ತಂಗಿ?” ಎಂದು ಕೇಳುತ್ತಿದ್ದರು. ಡಾಕ್ಟರು ಎಲ್ಲವನ್ನೂ ತಿನ್ನಬಹುದು ಎಂದ ದಿನವೇ ಅವರ ಫೋನು ಬಂತು: “ಶುಕ್ರವಾರ ಹೋಗೂಣು.”

ಅವತ್ತು ಪೇರಿಸಲು ತಟ್ಟೆಗಳೇ ಇರಲಿಲ್ಲ, ವೇಟರಿಗೆ ಅಭ್ಯಾಸವಾಗಿತ್ತು. ಆದರೆ ಬಟ್ಟಲುಗಳು ಬಂದಾಗ ಜೊತೆಗೊಂದು ತಟ್ಟೆಯೂ ಬಂತು. ಒಂದಿಷ್ಟು ಪಚಡಿ, ಒಂದಿಷ್ಟು ಕಾಳು, ಸಣ್ಣಗೆ ಕತ್ತರಿಸಿದ ಬ್ರೆಡ್ಡು. ಅದನ್ನು ವಾಸಣ್ಣನ ಮುಂದಿಟ್ಟು, ದೊಡ್ಡ ಬಟ್ಟಲನ್ನು ವೇಟರು ಮೇಜಿನ ಆಚೆ ಬದಿಗಿಟ್ಟ. ಹೇಳಿ ಮಾಡಿಸಿದ್ದು ಶ್ರೀಕಂಠ. ವಾಸಣ್ಣನ ಹಳೆಯ ಗೆಳೆಯ, ಅದೇ ಬಟ್ಟಲಿನಲ್ಲಿ ವರ್ಷಗಟ್ಟಲೆ ಅದ್ದಿ ತಿಂದವನು.

“ನಿಮ್ಮ ಇಮ್ಯುನಿಟಿ ಲೋ ಇರುತ್ತಲ್ಲ ವಾಸಣ್ಣ, ನಮ್ಮ ಜರ್ಮ್ಸ್ ನಿಮಗೆ ಯಾಕೆ? ಫಾರ್ ಯುವರ್ ಓನ್ ಸೇಫ್ಟಿ,” ಎಂದ. ಉಳಿದವರು ಹೌದು ಹೌದು ಎಂದು ತಲೆಯಾಡಿಸಿದರು. ಯಾರೂ ಅವರ ತುಟಿಯ ಕಡೆ ನೋಡಲಿಲ್ಲ.

ವಾಸಣ್ಣ ತಟ್ಟೆಯನ್ನು ನೋಡಿದರು. “ಎಂಜಲಾ ಅನ್ನೂದಕ್ಕ ಇಂಗ್ಲಿಷಿನ್ಯಾಗ ಮಾತಿಲ್ಲಂತ ತಿಳಕೊಂಡಿದ್ದೆ ಶ್ರೀಕಂಠ. ಹುಡುಕಿ ಕೊಟ್ಟಿ ನೋಡು.”

“ಛೆ, ಏನ್ ಹಾಗಂತೀರಿ, ಕೇರ್ ಮಾಡಿದ್ದು ತಪ್ಪಾ?”

ನಾನು ಬ್ರೆಡ್ಡು ಮುರಿದು ವಾಸಣ್ಣನ ತಟ್ಟೆಗೇ ಅದ್ದಲು ಹೋದೆ. ಅವರು ತಟ್ಟೆಯನ್ನು ಅತ್ತ ಸರಿಸಿಬಿಟ್ಟರು. “ಬ್ಯಾಡ ತಂಗಿ. ಕನಿಕರಕ್ಕ ಉಣಬಾರದು.” ಇಡೀ ತಟ್ಟೆಯನ್ನು ಖಾಲಿ ಮಾಡಿದರು. ಮುದುಕ ನುಡಿಸುತ್ತಲೇ ಇದ್ದ, ಸ್ಟಾವ್ರೋಸ್ ಬೆಂಕಿ ಹಚ್ಚುತ್ತಲೇ ಇದ್ದ. ಆ ಸಂಜೆ ಅವರು ತುಟಿ ಒರಸಬೇಕೇ ಎಂದು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡೇ ಇದ್ದರು.

ಮತ್ತೆ ಅವರು ಬರಲಿಲ್ಲ. ಗುಂಪಿನ ಶುಕ್ರವಾರಗಳು ಮಾತ್ರ ನಿಲ್ಲಲಿಲ್ಲ. “ಯಾಕೋ ತುಂಬಾ ಸೆನ್ಸಿಟಿವ್ ಆಗಿಬಿಟ್ರು ಪಾಪ,” ಎಂದು ಶ್ರೀಕಂಠ ಬಾಯಿ ತುಂಬ ಪಚಡಿ ಇಟ್ಟುಕೊಂಡು ಹೇಳಿದನಂತೆ. ನಾನು ಅವನ ಜೊತೆ ಕೂರುವುದನ್ನು ಬಿಟ್ಟೆ. ಅಪ್ಪಟ ಮಡಿಯವರಾದರೂ ಪರವಾಗಿಲ್ಲ, ಮಾಡುವುದನ್ನು ಅದರ ಹೆಸರು ಹೇಳಿಯೇ ಮಾಡುತ್ತಾರೆ. ಕಾಳಜಿಯ ಹೆಸರಿನಲ್ಲಿ ದೂರ ಇಡುವವರನ್ನು ನನ್ನಿಂದ ಕ್ಷಮಿಸಲಾಗಿಲ್ಲ.

ವಾಸಣ್ಣ ತೀರಿಕೊಳ್ಳುವ ಕೆಲವು ವಾರ ಮೊದಲು ನೋಡಲು ಹೋಗಿದ್ದೆ. ಅವರ ಮಗಳು ಬಂದಿದ್ದಳು. ವಾಸಣ್ಣ ಅಡುಗೆಮನೆಯ ಮೇಜಿನಲ್ಲಿ ಮೊಸರನ್ನ ತಿನ್ನುತ್ತಿದ್ದರು, ಎದುರಿಗೆ ಮೊಮ್ಮಗಳು. ಅವಳು ತನ್ನ ಬಟ್ಟಲನ್ನು ಬಿಟ್ಟು ಅಜ್ಜನ ಬಟ್ಟಲಿಗೆ ಚಮಚ ಹಾಕಲು ಹೋದಳು. ಅವರು ಬಟ್ಟಲನ್ನು ಥಟ್ಟನೆ ಮೇಲಕ್ಕೆತ್ತಿದರು.

“ಬ್ಯಾಡ ಪುಟ್ಟಿ, ಎಂಜಲು.”

“ವಾಟ್ ಈಸ್ ಎಂಜಲು, ಅಜ್ಜಾ?”

ವಾಸಣ್ಣ ನನ್ನ ಕಡೆ ನೋಡಲಿಲ್ಲ. “ನಾ ಬಾಯಿ ಹಾಕಿದ್ದಕ್ಕ ನೀ ಬಾಯಿ ಹಾಕಬಾರದು. ಅಷ್ಟ.”

“ಓಕೆ,” ಎಂದಳು ಮೊಮ್ಮಗಳು. ತುಂಬಾ ಜಾಣೆ, ಒಂದೇ ಸಲಕ್ಕೆ ಕಲಿತಳು. ತನ್ನ ಬಟ್ಟಲು ಎತ್ತಿಕೊಂಡು ಮೇಜಿನ ಆ ತುದಿಗೆ ಹೋಗಿ ಕೂತಳು.