ಮೈಕ್ ಆಫ್ ಮಾಡಿಸಿದ ಗಂಟು

ಸ್ನೇಹಿತರೇ, ಮನೆಗೆ ಬಂದರೂ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ಸತ್ಯನಾರಾಯಣ ಪೂಜೆ. ಪೂಜೆಯ ನಂತರ ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಲು ನನ್ನನ್ನು ಕರೆದಿದ್ದರು. ಹೋದ ವರ್ಷ ವೃಷಣದ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಬದುಕಿ ಬಂದವನು ನಾನು.

"ಇದು ಹೆಚ್ಚಾಗಿ ಹರೆಯದ ಗಂಡಸರಿಗೇ ಬರುವ ಕಾಯಿಲೆ. ತಿಂಗಳಿಗೊಮ್ಮೆ ಬಿಸಿನೀರಿನ ಸ್ನಾನವಾದ ಮೇಲೆ ಎರಡೂ ವೃಷಣಗಳನ್ನು ಬೆರಳುಗಳ ನಡುವೆ ಮೆಲ್ಲಗೆ ಹೊರಳಿಸಿ ನೋಡಿಕೊಳ್ಳಿ. ಗಂಟೋ ಊತವೋ ಕಂಡರೆ, ನೋವಿಲ್ಲವಲ್ಲ ಎಂದು ಸುಮ್ಮನಿರಬೇಡಿ" ಎನ್ನುವಷ್ಟರಲ್ಲಿ ಮೈಕ್ ನಿಂತುಹೋಯಿತು. ಸ್ವಿಚ್‌ಬೋರ್ಡಿನ ಪಕ್ಕದಲ್ಲಿದ್ದವರು ಸಂಘದ ಸೆಕ್ರೆಟರಿ.

"ಎಂತ ಮಾರಾಯ್ರೆ, ಹೆಂಗಸರು ಕೂತಿದ್ದಾರೆ. ಶುಗರ್, ಬಿಪಿ ಬಗ್ಗೆ ಹೇಳಿ" ಎಂದರು.

ಮೂಲವ್ಯಾಧಿಯ ಚೂರ್ಣ ಮಾರಲು ಬಂದವನಿಗೆ ಹೋದ ತಿಂಗಳು ಇದೇ ಮೈಕನ್ನು ಅರ್ಧ ಗಂಟೆ ಕೊಟ್ಟವರು ಇವರೇ.

ಮುಂದಿನ ಸಾಲಿನಲ್ಲಿದ್ದ ಹಿರಿಯರಾದ ಸುಶೀಲಕ್ಕ ಪ್ರಸಾದದ ದೊನ್ನೆ ಕೆಳಗಿಟ್ಟರು. "ಇವರನ್ನೆಲ್ಲ ಮೀಯಿಸಿ ದೊಡ್ಡ ಮಾಡಿದ್ದು ನಾವೇ ಅಲ್ವಾ? ಈಗ ನಮ್ಮೆದುರು ಎಂತ ನಾಚಿಕೆ? ನೀನು ಹೇಳು ಮಗಾ."

ಮೈಕ್ ಇಲ್ಲದೆಯೇ ಹೇಳಿದೆ. ಹೆಂಗಸರು ಒಬ್ಬರೂ ಏಳಲಿಲ್ಲ. ಮಗನಿಗೆ ಹೇಗೆ ಹೇಳುವುದು, ಯಾವ ಡಾಕ್ಟರಿಗೆ ತೋರಿಸುವುದು ಎಂದೆಲ್ಲ ಕೇಳಿದರು. ಗಂಡಸರು ಮಾತ್ರ ಎದ್ದು ಹೋಗಿ, ಚಪ್ಪಲಿ ಬಿಟ್ಟಿದ್ದ ಜಾಗದಲ್ಲಿ ಗುಂಪಾಗಿ ನಿಂತು ಮೊಬೈಲ್ ನೋಡುತ್ತಿದ್ದರು.

ಹೊರಡುವಾಗ ಸೆಕ್ರೆಟರಿ ಹೆಗಲ ಮೇಲೆ ಕೈಯಿಟ್ಟು, "ಮುಂದಿನ ಸಲ ಎಲ್ಲರ ಮನೆಗೂ ಉಪಯೋಗ ಆಗುವಂಥದ್ದು ಹೇಳಿ" ಎಂದರು.

ಅವರಿಗೆ ಮೂರು ಮಕ್ಕಳು. ಮೂವರೂ ಗಂಡು.