ಅಕ್ಕ ಮಾಡದ ಫೋನು

ಅವರ ಮುಖ ನೋಡುವ ಮೊದಲು ಒಂಬತ್ತು ವರ್ಷ ನನಗೆ ಗೊತ್ತಿದ್ದದ್ದು ಅವರ ದನಿ ಮಾತ್ರ. ನನ್ನ ಗಂಡ ಕೆಲಸ ಮಾಡುತ್ತಿದ್ದ ಕಬ್ಬಿಣದ ಬೀರುಗಳ ಕಾರ್ಖಾನೆಯ ಆಫೀಸಿನಲ್ಲಿ ಅವರು ಟೆಲಿಫೋನ್ ಆಪರೇಟರ್. ನಮ್ಮ ಮನೆಯಲ್ಲಿ ಫೋನಿರಲಿಲ್ಲ, ಕೆಳಗಿನ ಟೈಲರ್ ಅಂಗಡಿಯಲ್ಲಿತ್ತು. ಟೈಲರಣ್ಣ ಕೈಯಲ್ಲಿ ಕತ್ತರಿ ಹಿಡಿದುಕೊಂಡೇ ಮೆಟ್ಟಿಲ ಬುಡಕ್ಕೆ ಬಂದು, “ತಂಗೀ, ಫ್ಯಾಕ್ಟರಿ ಅಕ್ಕ ಲೈನಲ್ಲಿದ್ದಾರೆ!” ಎಂದು ಕೂಗಿದರೆ ನಾನು ಒಲೆ ಆರಿಸಿ ಓಡುತ್ತಿದ್ದೆ.

ಓವರ್‌ಟೈಮ್ ಇದ್ದರೆ ತಿಳಿಸುವವರು ಅವರೇ, ಯಾರಿಗಾದರೂ ಪೆಟ್ಟಾದರೆ ತಿಳಿಸುವವರೂ ಅವರೇ. ಒಮ್ಮೆ ನನ್ನ ಗಂಡ ಬಣ್ಣದ ಶೆಡ್ಡಿನಲ್ಲಿ ತಲೆಸುತ್ತಿ ಬಿದ್ದ. “ಮೊದಲು ಕೂತ್ಕೋಮ್ಮ. ಎಚ್ಚರ ಬಂದಿದೆ, ಮಾತಾಡ್ತಿದ್ದಾರೆ. ನಾನೇ ಹೋಗಿ ಕಣ್ಣಾರೆ ನೋಡ್ಕೊಂಡು ಬಂದು ಹೇಳ್ತಿದ್ದೀನಿ. ಈಗ ಆಸ್ಪತ್ರೆ ವಿಳಾಸ ಬರ್ಕೋ” ಎಂದರು. ಆವತ್ತು ನಾನು ಒಂದಕ್ಷರ ತಪ್ಪದೆ ವಿಳಾಸ ಬರೆದುಕೊಂಡದ್ದು ಆ ಮಾತಿನ ಬಲದಿಂದ. ಕಾರ್ಮಿಕರ ಮನೆಗಳಲ್ಲೆಲ್ಲ ಅವರಿಗೆ ಇಂಥದೇ ಹೆಸರು. ಅಕ್ಕ ಹೇಳಿದರೆಂದರೆ ಅದು ಕಲ್ಲಿನಲ್ಲಿ ಕೆತ್ತಿದ ಹಾಗೆ.

ಆ ಶೆಡ್ಡಿನ ವಿಷಯ ಹೇಳಬೇಕು. ಬೀರುಗಳಿಗೆ ಬಣ್ಣ ಸಿಂಪಡಿಸುವಾಗ ಏಳುವ ಆವಿ ಹೊರಹೋಗಲು ಅಲ್ಲಿದ್ದದ್ದು ಒಂದೇ ಕಿಟಕಿ. ಸಂಜೆ ಮನೆಗೆ ಬಂದ ನನ್ನ ಗಂಡ ಕೆಮ್ಮಿದರೆ ಕರವಸ್ತ್ರ ನೀಲಿಯಾಗುತ್ತಿತ್ತು. ಅವತ್ತು ಹಸಿರು ಬೀರುಗಳಾದರೆ ಹಸಿರು. ಗಾಳಿ ಹೊರಗೆಳೆಯುವ ಫ್ಯಾನು ಹಾಕಿಸಿ ಎಂದು ಕೇಳಲು ಹೋದ ಇಬ್ಬರನ್ನು ಕೆಲಸದಿಂದ ತೆಗೆದರು. ಮರುದಿನ ಆಫೀಸಿನವರನ್ನು ಬಿಟ್ಟು ಇಡೀ ಕಾರ್ಖಾನೆ ಹೊರಗೆ ಬಂದು ಗೇಟಿನ ಮುಂದೆ ಟಾರ್ಪಾಲು ಕಟ್ಟಿ ಕೂತಿತು.

ಮೊದಲ ವಾರ ಎಲ್ಲರಿಗೂ ಹುಮ್ಮಸ್ಸು. ಮೂರನೇ ವಾರದ ಹೊತ್ತಿಗೆ, ಸುಳ್ಳೇಕೆ ಹೇಳಲಿ, ನನಗೆ ಸಾಕಾಗಿತ್ತು.

“ನಿಮ್ಮ ಹಟಕ್ಕೆ ಮಕ್ಕಳು ಒಣಗ್ಬೇಕಾ?” ಎಂದೆ ಒಂದು ಬೆಳಗ್ಗೆ.

“ಹಟ ಅಲ್ಲ ಕಣೇ, ಉಸಿರು” ಎಂದು ಅವನು ಚಪ್ಪಲಿ ಮೆಟ್ಟಿ ಗೇಟಿಗೆ ಹೊರಟ.

ಅವನು ಹೋಗಿ ಎರಡು ಮೂರು ಗಂಟೆಯಾಗಿರಬಹುದು. ಕೆಳಗಿನಿಂದ ಟೈಲರಣ್ಣ ಕೂಗಿದ. ಫೋನೆತ್ತಿದರೆ ಗಂಡಸಿನ ದನಿ. “ಫ್ಯಾಕ್ಟರಿಯಿಂದ ಮಾತಾಡ್ತಿರೋದು. ಅರ್ಧಕ್ಕಿಂತ ಹೆಚ್ಚು ಜನ ಕೆಲಸಕ್ಕೆ ವಾಪಸ್ ಬಂದಾಗಿದೆ. ನಿಮ್ಮ ಯಜಮಾನರು ನಾಳೆ ಬರ್ಲಿಲ್ಲ ಅಂದ್ರೆ ಅವರ ಜಾಗಕ್ಕೆ ಬೇರೆಯವರು ಬರ್ತಾರೆ.”

ಎಲ್ಲರೂ ಒಳಗೆ ಹೋಗಿ ಇವನೊಬ್ಬ ಹೊರಗೆ ಉಳಿದರೆ ಗತಿಯೇನು? ಆದರೂ ಬಾಯಿಗೆ ತಾನಾಗಿ ಬಂದದ್ದು ಒಂದೇ ಪ್ರಶ್ನೆ: “ಆಪರೇಟರ್ ಅಕ್ಕ ಎಲ್ಲಿ? ಅವರ ಕೈಗೆ ಕೊಡಿ.”

“ಅವರು... ಅವರು ರಜದಲ್ಲಿದ್ದಾರೆ.”

“ಹಾಗಾದ್ರೆ ಅವರು ಬಂದ್ಮೇಲೆ ಮಾಡ್ಸಿ” ಎಂದು ಇಟ್ಟುಬಿಟ್ಟೆ. ಇಟ್ಟ ಮೇಲೆ ಕಾಲು ನಿಲ್ಲಲಿಲ್ಲ. ಮಕ್ಕಳನ್ನು ಟೈಲರಣ್ಣನ ಹೆಂಡತಿಗೆ ಒಪ್ಪಿಸಿ, ಎರಡು ಮೈಲಿ ನಡೆದು ಊಟದ ಹೊತ್ತಿಗೆ ಗೇಟು ಸೇರಿದೆ. ನೋಡಿದರೆ ಒಳಗೆ ಒಂದು ಯಂತ್ರದ ಸದ್ದೂ ಇಲ್ಲ. ಟಾರ್ಪಾಲಿನ ಕೆಳಗೆ ಎಲ್ಲರೂ ಇದ್ದರು. ನನಗಿಂತ ಮೊದಲೇ ಬಂದ ಏಳೆಂಟು ಹೆಂಗಸರೂ ಇದ್ದರು. ಎಲ್ಲರಿಗೂ ಅದೇ ಫೋನು, ಎಲ್ಲರೂ ಕೇಳಿದ್ದು ಅದೇ ಮಾತು: ಅಕ್ಕನ ಕೈಗೆ ಕೊಡಿ.

ಚಾಪೆಯ ತುದಿಯಲ್ಲಿ ದಪ್ಪ ಕನ್ನಡಕದ, ಕುಳ್ಳಗೆ ದುಂಡಗಿದ್ದ ಒಬ್ಬ ಹೆಂಗಸು ಊಟದ ಡಬ್ಬಿ ಬಿಚ್ಚುತ್ತ, “ಸ್ವಲ್ಪ ಸರೀರಪ್ಪ, ನನಗೆ ಜಾಗ ಜಾಸ್ತಿ ಬೇಕು” ಎಂದರು. ನಾನು ನಿಂತಲ್ಲೇ ನಿಂತೆ. ಅದೇ ದನಿ.

“ಅಕ್ಕಾ, ನೀವೇನಾ?”

“ಯಾಕಮ್ಮ, ನಿರಾಸೆ ಆಯ್ತಾ? ದನಿ ಕೇಳಿ ಎಲ್ಲರೂ ಸಿನಿಮಾ ನಾಯಕಿ ಅಂದ್ಕೊಂಡಿರ್ತಾರೆ” ಎಂದು ನಕ್ಕರು. ನನಗೆ ನಗುವಿನ ಬದಲು ಅಳು ಬಂತು.

ನಡೆದದ್ದನ್ನು ಆಮೇಲೆ ಆಫೀಸಿನ ಜವಾನ ಹೇಳಿದ. ಹಿಂದಿನ ದಿನ ಮ್ಯಾನೇಜರು ಒಂದು ಹಾಳೆ ತಂದು ಅಕ್ಕನ ಮುಂದಿಟ್ಟು, ಇದನ್ನು ಮನೆಮನೆಗೆ ಫೋನು ಮಾಡಿ ಓದಿ ಎಂದರಂತೆ. ಅಕ್ಕ ಓದಿ, ಮಡಿಸಿ, ಹಿಂದಕ್ಕೆ ಕೊಟ್ಟರಂತೆ. “ಒಬ್ಬರೂ ಬಂದಿಲ್ವಲ್ಲ ಸಾರ್.”

“ಬಂದಿದ್ದಾರೋ ಇಲ್ವೋ ಅದು ನಿಮಗೆ ಬೇಡ. ನೀವು ಹೇಳಿದ್ರೆ ನಂಬ್ತಾರೆ.”

“ಅದಕ್ಕೇ ಹೇಳಲ್ಲ ಸಾರ್.”

ಅಷ್ಟೇ ಮಾತು. ಸಂಜೆಯೊಳಗೆ ಅವರನ್ನು ಹಳೇ ಕಾಗದಪತ್ರಗಳ ಕೋಣೆಗೆ ಹಾಕಿದರು. ಕಿಟಕಿಯಿಲ್ಲದ ಕೋಣೆ, ಒಂದು ಮುರುಕು ಸ್ಟೂಲು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ದುಡಿಯುವವರು ಇವರೊಬ್ಬರೇ. ರಾಜೀನಾಮೆ ಕೊಡುವ ಹಾಗೂ ಇಲ್ಲ, ಜಗಳವಾಡುವ ಹಾಗೂ ಇಲ್ಲ. ಮಾರನೆಯ ದಿನ ಊಟದ ಗಂಟೆ ಹೊಡೆದ ಕೂಡಲೇ ಡಬ್ಬಿ ಹಿಡಿದು ನೇರವಾಗಿ ಗೇಟು ದಾಟಿ ಬಂದರು. ಊಟದ ಅರ್ಧ ಗಂಟೆ ತನ್ನದು, ಎಲ್ಲಿ ಬೇಕಾದರೂ ಕೂತು ಉಣ್ಣಬಹುದು ಎಂಬುದು ಅವರ ಲೆಕ್ಕ.

ಎಲ್ಲರೂ ಕೈಹಿಡಿದು ಕರೆದರು ಅಂದರೆ ತಪ್ಪಾದೀತು. ಬೆಸುಗೆ ವಿಭಾಗದ ಮುದುಕ ಮುಖ ತಿರುವಿ, “ಆಫೀಸಿನವರಿಗೆ ನಮ್ಮ ಚಾಪೆ ಮೇಲೆ ಏನು ಕೆಲಸ? ಕೇಳಿದ್ದನ್ನೆಲ್ಲ ಮೇಲೆ ಹೋಗಿ ಊದೋಕಾ?” ಎಂದ.

“ಊದೋಕೆ ಈಗ ನನ್ನ ಹತ್ರ ಫೋನೇ ಇಲ್ವಲ್ಲ ತಾತ. ಇಲಿಗಳ ಕಿವೀಲಿ ಊದ್ಬೇಕು” ಎಂದರು ಅಕ್ಕ. ಮುದುಕ ಮೀಸೆಯಡಿಯಲ್ಲೇ ನಕ್ಕ. ಮಾರನೆಯ ದಿನ ತಾನೇ ಸರಿದು ಜಾಗ ಮಾಡಿಕೊಟ್ಟ.

ಆಮೇಲೆ ದಿನಾ ಬಂದರು. ಮಾತು ಕಡಿಮೆ. ಘೋಷಣೆ ಕೂಗಲು ಅವರಿಗೆ ಬರುತ್ತಿರಲಿಲ್ಲ. ಒಮ್ಮೆ ಬಲವಂತ ಮಾಡಿದ್ದಕ್ಕೆ ಕೂಗಿದರು, ಅದು ಫೋನಿನಲ್ಲಿ “ಒಂದು ನಿಮಿಷ ಲೈನಲ್ಲಿರಿ” ಅಂದ ಹಾಗೇ ಕೇಳಿಸಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಕ್ಕ ಬರತೊಡಗಿದ ನಾಲ್ಕನೇ ದಿನ ಇಬ್ಬರು ಗುಮಾಸ್ತರು ಡಬ್ಬಿ ಹಿಡಿದು ಅವರ ಹಿಂದೆ ಬಂದರು. ಮರುವಾರ ಒಂಬತ್ತು ಜನ. ಮಾಲೀಕರ ಕಾರು ಗೇಟು ದಾಟುವಾಗ ತಮ್ಮ ಆಫೀಸಿನವರೇ ಚಾಪೆಯ ಮೇಲೆ ಕೂತು ಉಣ್ಣುವುದು ಅವರ ಕಣ್ಣಿಗೆ ಬೀಳುತ್ತಿತ್ತು. ಮುಷ್ಕರದ ಮೂವತ್ತನಾಲ್ಕನೇ ದಿನ ಮಾತುಕತೆಗೆ ಕರೆದರು.

ಶೆಡ್ಡಿನ ಗೋಡೆ ಒಡೆದು ನಾಲ್ಕು ದೊಡ್ಡ ಫ್ಯಾನು ಕೂರಿಸಿದರು. ತೆಗೆದಿದ್ದ ಇಬ್ಬರೂ ವಾಪಸ್ ಬಂದರು. ಅಕ್ಕನನ್ನು ಮಾತ್ರ ಫೋನಿನ ಮುಂದೆ ಮತ್ತೆ ಕೂರಿಸಲಿಲ್ಲ. ಕಾರ್ಮಿಕರು ಅರ್ಜಿ ಕೊಟ್ಟರು, ಅದು ಎಲ್ಲೋ ಮುಚ್ಚಿಹೋಯಿತು. ಮತ್ತೆ ಹೋರಾಡೋಣ ಎಂದು ಹೊರಟವರನ್ನು ಅಕ್ಕನೇ ತಡೆದರು. “ನನ್ನೊಬ್ಬಳ ಕುರ್ಚಿಗೋಸ್ಕರ ಮತ್ತೆ ಮಕ್ಕಳ ಹೊಟ್ಟೆ ಮೇಲೆ ಹೊಡೀಬೇಡಿ. ಕಾಗದಗಳು ಕಿರಿಕಿರಿ ಮಾಡಲ್ಲ, ಸುಮ್ನಿರ್ತಾವೆ.” ಏಳು ವರ್ಷ ಆ ಕೋಣೆಯಲ್ಲೇ ಕಳೆದರು.

ಅವರ ನಿವೃತ್ತಿಯ ದಿನ ಆಫೀಸಿನಲ್ಲಿ ಸಮಾರಂಭವೇನೂ ಇರಲಿಲ್ಲ. ಸಂಜೆ ಪಾಳಿ ಬಿಟ್ಟಾಗ ಬಣ್ಣದ ಶೆಡ್ಡಿನ ಗಂಡಸರು ಕೈ ಸಹ ತೊಳೆಯದೆ ಬಂದು ಗೇಟಿನ ಹತ್ತಿರ ಸಾಲಾಗಿ ನಿಂತರು. ನಾವು ಹೆಂಗಸರೂ ಹೋಗಿದ್ದೆವು. ಬಸ್ ಸ್ಟಾಪಿನ ತನಕ ಎಲ್ಲರೂ ಅವರ ಜೊತೆ ನಡೆದೆವು. ರಸ್ತೆಯಲ್ಲಿ ಹೋಗುವವರು ಯಾರ ಮೆರವಣಿಗೆ ಎಂದು ತಿರುಗಿ ನೋಡಿದರು.

ನಾನು ಏನೇನೋ ಹೇಳಬೇಕೆಂದು ಹೋಗಿದ್ದೆ. ಬಾಯಿಗೆ ಬಂದದ್ದು ಇಷ್ಟೇ: “ಅಕ್ಕಾ, ನಿಮ್ಮ ಋಣ ಹೇಗೆ ತೀರಿಸ್ಲಿ?”

“ಋಣ ಗಿಣ ಏನಿಲ್ಲ, ಸುಮ್ನಿರು. ಅವತ್ತು ಆ ಫೋನು ಬಂದಾಗ ನೀವೆಲ್ಲ ಅಕ್ಕನ ಕೈಗೇ ಕೊಡಿ ಅಂದ್ರಂತಲ್ಲ. ಜವಾನ ಬಂದು ಹೇಳಿದಾಗ ಆ ಕೋಣೇಲಿ ಕೂತ್ಕೊಂಡು ಎಷ್ಟು ಖುಷಿಪಟ್ಟೆ ಗೊತ್ತಾ? ಅಷ್ಟು ಮರ್ಯಾದೆ ನನಗೆ ಯಾರು ಕೊಟ್ಟಿದ್ರು?”

ಬಸ್ಸು ಬಂತು. ನನ್ನ ಗಂಡ ಅವರ ಚೀಲ ಹಿಡಿದು ಹತ್ತಿ, ಕಿಟಕಿ ಪಕ್ಕದ ಸೀಟು ಹುಡುಕಿ ಕೂರಿಸಿ ಇಳಿದ.