ನಾನು ನೋಡದ ಮುಖ

ಕೆಂಪಿ, ನಿನ್ನ ಅವ್ವೆಯ ಮುಖವನ್ನು ನಾನು ಅಂದು ನೋಡಿರಲಿಲ್ಲ. ನೋಡಿದೆ ಎಂದು ಹಟ್ಟಿಯ ಜನರೆಲ್ಲರ ಮುಂದೆ ಹೇಳಿದೆ. ಆ ಒಂದು ಮಾತಿಗೆ ನಿನ್ನನ್ನು ಹೆತ್ತವಳು ಈ ಮನೆಯಿಂದ ಹೊರಬಿದ್ದಳು. ಅವಳೇ ನಿನ್ನನ್ನು ಬಿಟ್ಟುಹೋದಳೆಂದು ನಿನಗೆ ಮಾತು ಬರುವ ಮುಂಚಿನಿಂದ ಕಿವಿಗೆ ಊದಿದವನೂ ನಾನೇ — ನಿನ್ನ ದೊಡ್ಡಪ್ಪ. ಎದುರಿಗೆ ಹೇಳಲು ನಾಲಿಗೆ ಹೊರಳುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಸ್ಕೂಲಿನಲ್ಲಿ ನೀನು ಕಲಿತ ಕನ್ನಡ ಅಕ್ಷರ ಇದಕ್ಕಾದರೂ ಆಗಲಿ.

ನಿನ್ನ ಅವ್ವೆ ಮಾದಿಯನ್ನು ಕಂಡರೆ ನನಗೆ ಮೊದಲ ದಿನದಿಂದಲೇ ಆಗುತ್ತಿರಲಿಲ್ಲ. ತಮ್ಮನಿಗೆ ಸೋದರಮಾವನ ಮಗಳನ್ನು ತರುತ್ತೇನೆಂದು ನಾನು ಮಾತು ಕೊಟ್ಟು ಬಂದಿದ್ದೆ. ಅವನೋ, ನಡುವಟ್ಟಂ ತೋಟಕ್ಕೆ ಕೂಲಿಗೆ ಹೋದವನು, ಅಲ್ಲಿ ಜ್ವರದ ಮದ್ದಿಗಾಗುವ ಸಿಂಕೋನ ಮರದ ತೊಗಟೆ ಸುಲಿಯುತ್ತಿದ್ದ ಅವಳನ್ನು ಮೆಚ್ಚಿ ಕರೆತಂದ. ಮಾವನ ಮುಂದೆ ನನ್ನ ಮುಖ ಸಣ್ಣದಾಯಿತು. ಅಲ್ಲಿಂದ ಅವಳು ನಿಂತರೂ ತಪ್ಪು, ಕೂತರೂ ತಪ್ಪು. ಗಟ್ಟಿಯಾಗಿ ನಕ್ಕರೆ — ನೋಡು, ತೋಟದ ಬುದ್ಧಿ! ಸುಮ್ಮನಿದ್ದರೆ — ಏನೋ ಒಳಸಂಚು. ಒಂದು ಸಲ ನನಗೆ ಜ್ವರ ಬಂದಾಗ ಮೂರು ದಿನ ಗಂಜಿ ಕಾಯಿಸಿ ಕೊಟ್ಟಳು. ಕುಡಿದೆ. ಕುಡಿದು, ಇವಳಿಗೆ ನನ್ನಿಂದ ಏನೋ ಬೇಕಾಗಿದೆ ಎಂದುಕೊಂಡೆ. ಥೂ, ಎಂಥ ಮನಸ್ಸು ನನ್ನದು!

ನಮ್ಮ ಹಾಲುಕೋಣೆಯ ಕಟ್ಟು ನಿನಗೆ ಗೊತ್ತು. ಎಮ್ಮೆ ಕರೆಯುವುದು ಗಂಡಸರು, ಹಾಲು ತುಪ್ಪ ಮುಟ್ಟುವುದು ಗಂಡಸರು. ಹೆಂಗಸು ಆ ಹೊಸಿಲು ದಾಟುವಂತಿಲ್ಲ. ಆ ಬೆಳಿಗ್ಗೆ ಎಮ್ಮೆಗಳನ್ನು ಗುಡ್ಡಕ್ಕೆ ಹೊಡೆದು ಮನೆಗೆ ಬಂದೆ. ಒಳಗೆ ಹೊಗೆ, ಮಬ್ಬು. ಹಾಲುಕೋಣೆಯ ಗಿಡ್ಡ ಬಾಗಿಲಿನಿಂದ ಬಗ್ಗಿಕೊಂಡು ಒಬ್ಬಳು ಹೊರಬಂದು ಅಡುಗೆ ಒಲೆಯ ಕಡೆ ಹೋದಳು. ನಾನು ಕಂಡದ್ದು ಬೆನ್ನು. ನಮ್ಮ ಹೆಂಗಸರೆಲ್ಲ ಉಡುವ ಬಿಳಿಯ ಸೀಲೆ, ತಲೆಗೆ ಬಿಳಿಯ ವಸ್ತ್ರ — ಅಷ್ಟೇ. ಮನೆಯಲ್ಲಿ ಆಗ ಇದ್ದದ್ದು ಇಬ್ಬರು ಹೆಂಗಸರು: ಮಾದಿ, ಮತ್ತೆ ನನ್ನ ಅವ್ವೆ. ಆರು ಹೆಜ್ಜೆ ಇಟ್ಟಿದ್ದರೆ ಯಾರೆಂದು ಗೊತ್ತಾಗುತ್ತಿತ್ತು. ಇಡಲಿಲ್ಲ. ಯಾಕೆ ಇಡಬೇಕು? ನನಗೆ ಗೊತ್ತಿತ್ತಲ್ಲ!

ಅಂದು ಸಂಜೆ ದೊಡ್ಡ ಎಮ್ಮೆ ಒದ್ದು ಹಾಲು ಚೆಲ್ಲಿತು. ಎಮ್ಮೆ ಒದೆಯುವುದು ಹೊಸದೇನಲ್ಲ. ಆದರೂ ಮಾದಿ ಹಾಲುಕೋಣೆ ಹೊಕ್ಕದ್ದೇ ಇದಕ್ಕೆ ಕಾರಣವೆಂದು ನಾನು ಗೌಡನ ಬಳಿ ಹೋಗಿ ಹಟ್ಟಿಯ ಕೂಟ ಕರೆಸಿದೆ.

ನಿನ್ನ ಅವ್ವೆ ಅಳಲಿಲ್ಲ. ನಿನ್ನನ್ನು ಸೊಂಟದ ಮೇಲೆ ಎತ್ತಿಕೊಂಡು ನಿಂತಿದ್ದಳು. “ನಾ ಹೋಗಿಲ್ಲೆ, ಅಣ್ಣಾ. ಎನ್ನ ಮುಖ ಕಂಡೆಯಾ ನೀನು?” ಎಂದಳು.

ಇಲ್ಲ ಎನ್ನಬಹುದಿತ್ತು. ಬೆನ್ನು ಕಂಡೆ ಎನ್ನಬಹುದಿತ್ತು...

“ಕಂಡೆ” ಎಂದೆ.

ಮಕ್ಕಳು ಅಪ್ಪನ ಮನೆಗೆ ಸೇರಿದವರು ಎಂಬುದು ನಮ್ಮ ಕಟ್ಟು. ನಿನ್ನನ್ನು ಅವಳ ಸೊಂಟದಿಂದ ಬಿಡಿಸಿದ್ದು ನನ್ನ ಈ ಕೈ. ನಿನ್ನ ಅಪ್ಪ ನನಗೆ ಎದುರಾಡಿದವನಲ್ಲ; ತಲೆ ತಗ್ಗಿಸಿಕೊಂಡು ಕೂತಿದ್ದ. ಆಮೇಲೆ ಈ ಮನೆಯಲ್ಲಿ ಇರಲಾರದೆ ಗೂಡಲೂರಿನ ಕಾಫಿ ತೋಟಕ್ಕೆ ಹೋದ. ಅಲ್ಲಿನ ಚಳಿಜ್ವರ ಅವನನ್ನು ತಿಂದಿತು.

ಇನ್ನು ಮುಂದಿನದನ್ನೂ ಕೇಳು. ಅವಳು ಹೋಗಿ ಒಂದು ವರ್ಷವಾಗಿತ್ತು. ಇನ್ನೊಂದು ಬೆಳಿಗ್ಗೆ, ಅದೇ ಮಬ್ಬು, ಅದೇ ಗಿಡ್ಡ ಬಾಗಿಲು — ಅದೇ ಬಿಳಿಯ ಬೆನ್ನು ಹೊರಬಂತು. “ಮಾದೀ!” ಎಂದು ಅರಚಿದೆ.

ಮಾದಿ ಎಲ್ಲಿದ್ದಾಳೆ? ಎರಡು ಗುಡ್ಡದಾಚೆ, ತನ್ನ ಅಣ್ಣನ ಮನೆಯಲ್ಲಿ! ಇಲ್ಲದವಳನ್ನು ನನ್ನ ಕಣ್ಣು ಕಂಡಿತು, ಬಾಯಿ ಕೂಗಿತು. ತಿರುಗಿ ನಿಂತವಳು ನನ್ನ ಅವ್ವೆ. ಬೆರಳಿಗೆಲ್ಲ ತುಪ್ಪ.

“ಕೂಸುಗೆ ಕೆಮ್ಮು, ಎದೆ ಕಟ್ಟಿದೆ. ತುಪ್ಪ ಸವರೋಣ ಅಂತ...” ಎಂದು ತಡವರಿಸಿದಳು.

“ಅವ್ವೆ, ಅಂದೂ ನೀನೇಯಾ?”

“ನಾನೇ, ಮಗಾ. ಅಂದೂ ಕೂಸುಗೆ ಕೆಮ್ಮು. ನೀ ಅವಳ ಮುಖ ಕಂಡೆ ಎಂದೆಯಲ್ಲ, ಅವಳೂ ಹೋಗಿದ್ದಳು ಅಂತ ನಂಬಿದೆ.”

ನನ್ನ ಹೆತ್ತ ತಾಯಿ, ತಾನು ಮಾಡಿದ್ದನ್ನು ತಾನೇ ಬಲ್ಲವಳು, ಅವಳೂ ನನ್ನ ಸುಳ್ಳನ್ನು ನಂಬಿದ್ದಳು! ಆಗ ನಾನು ಏನು ಮಾಡಿದೆ ಗೊತ್ತೇ? ಕೂಟ ಕರೆಸಲಿಲ್ಲ. ಗೌಡನ ಬಳಿ ಓಡಲಿಲ್ಲ. “ಯಾರಿಗೂ ಹೇಳಬೇಡ, ಹೋಗಿ ಕೈ ತೊಳಕೋ” ಎಂದೆ. ಅವ್ವೆ ಮಾಡಿದರೆ ಅದು ಮೊಮ್ಮಗಳ ಮೇಲಿನ ಅಕ್ಕರೆ. ಮಾದಿ ಮಾಡಿದಳೆಂದರೆ ಅದು ಮನೆಗೆ ಕೇಡು. ಆ ಸಂಜೆ ಎಮ್ಮೆಗಳು ಎಂದಿನಂತೆ ಹಾಲು ಕೊಟ್ಟವು. ಆ ಹಾಲನ್ನು ನಾನು ಕುಡಿದೆ ಕೂಡ.

ಅವ್ವೆ ತೀರಿಕೊಂಡು ಹತ್ತು ವರ್ಷವಾಯಿತು. ಅವಳ ಮರ್ಯಾದೆಗೆ ಹೆದರಿ ಸುಮ್ಮನಿದ್ದೆ ಎನ್ನೋಣವೆಂದರೆ ಅದೂ ಸುಳ್ಳೇ. ಹೆದರಿದ್ದು ನನ್ನ ಮರ್ಯಾದೆಗೆ.

ಹೋದ ವಾರ ಊಟಿ ಸಂತೆಯಲ್ಲಿ ನಡೆದದ್ದು ನಿನಗೆ ನೆನಪಿರಬೇಕು. ನಿನ್ನ ಮದುವೆ ಗೊತ್ತಾಗಿದೆಯೆಂದು ಕೇಳಿ ಮಾದಿ ಬಂದಿದ್ದಳು. ಮಡಿಲಲ್ಲಿ ಕಿತ್ತಳೆ. “ಕೂಸೇ” ಎಂದು ಕೈ ಚಾಚಿದಳು. ನೀನು ಸರ್ರನೆ ಹಿಂದೆ ಸರಿದೆ. “ಎನ್ನ ಮುಟ್ಟಬೇಡ. ನಿನ್ನ ಕಾಲು ಸೋಕಿದ ಮನೆ ಉದ್ಧಾರವಾಗಲ್ಲ” ಎಂದೆ ನೀನು.

ಅಯ್ಯೋ ಕೆಂಪಿ, ಅದು ನಿನ್ನ ಮಾತಲ್ಲ. ಅಕ್ಷರಕ್ಷರವೂ ನನ್ನದು. ನಾನು ಮೂಗು ಮುರಿಯುವ ಹಾಗೆಯೇ ನೀನೂ ಮೂಗು ಮುರಿದೆ. ಅವಳು ನಿನ್ನನ್ನು ಬೈಯಲಿಲ್ಲ, ನನ್ನನ್ನೂ ಬೈಯಲಿಲ್ಲ. ಕಿತ್ತಳೆಗಳನ್ನು ನಮ್ಮ ಮೂಟೆಯ ಮೇಲಿಟ್ಟು, “ಕೂಸ ಚೆನ್ನಾಗಿ ಬೆಳೆಸಿದೆ, ಅಣ್ಣಾ” ಎಂದು ಹೇಳಿ ಹೊರಟುಹೋದಳು. ಆಗಲೂ ನಾನು ಬಾಯಿ ಬಿಡಲಿಲ್ಲ.

ನಾಳೆ ಬೆಳಿಗ್ಗೆ ಮೊದಲು ನಮ್ಮ ಕೂಟದಲ್ಲಿ ಇದನ್ನೆಲ್ಲ ಹೇಳುತ್ತೇನೆ. ಅಲ್ಲಿಂದ ಅವಳ ಹಟ್ಟಿಗೆ ನಡೆಯುತ್ತೇನೆ. ನಮ್ಮಲ್ಲಿ ಕಿರಿಯರು ತಲೆ ಬಾಗುವುದು, ಹಿರಿಯರು ತಲೆ ಮುಟ್ಟಿ ಹರಸುವುದು. ನಾಳೆ ತಮ್ಮನ ಹೆಂಡತಿಯ ಮುಂದೆ ನಾನು ತಲೆ ಬಾಗುತ್ತೇನೆ. ಅವಳು ಮುಟ್ಟಲೇಬೇಕೆಂದೇನೂ ಇಲ್ಲ.

ನೀನೂ ಬಾ, ಕೆಂಪಿ. ಅವಳು ಬಾಗಿಲು ತೆರೆದರೆ ನೀನು ಒಳಗೆ ಹೋಗು. ನಾನು ಅಂಗಳದಲ್ಲೇ ನಿಂತಿರುತ್ತೇನೆ.